ನದಿ ಕಣಿವೆಯ 82 ಕಿ.ಮೀ. ಸೈಕಲ್ ಲೂಪ್: ಯಾವ ದಂಡೆ ಮೊದಲು?

ಸಾವಕಾಶ_ಸವಾರ

ಎಲ್ಲರಿಗೂ ನಮಸ್ಕಾರ. ಒಂದೇ ದಿನದಲ್ಲಿ ಮುಗಿಸಬಹುದಾದ ಒಂದು ಲೂಪ್ (ಹೊರಟಲ್ಲಿಗೇ ಸುತ್ತಿ ಬರೋ ದಾರಿ) ಗುರುತು ಹಾಕಿಟ್ಟುಕೊಂಡಿದ್ದೀನಿ, ಹೋಗೋ ಮುಂಚೆ ನಿಮ್ಮೆಲ್ಲರ ಅಭಿಪ್ರಾಯ ಬೇಕು.

ನದಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತೆ. ಎಡದಂಡೆ, ಅಂದ್ರೆ ಪೂರ್ವದ ಕಡೆ, ರಸ್ತೆ ನೀರಿನ ಪಕ್ಕದಲ್ಲೇ ಸಾಗುತ್ತೆ. ಬಲದಂಡೆಯಲ್ಲಿ ನದಿ ಒಂದು ಇಕ್ಕಟ್ಟಾದ ಕಮರಿಗೆ ನುಗ್ಗೋದ್ರಿಂದ ರಸ್ತೆ ನೀರು ಬಿಟ್ಟು ಗುಡ್ಡ ಹತ್ತಿ ಆಚೆ ಇಳಿಯುತ್ತೆ. ಮೇಲ್ಗಡೆ ಒಂದು ಸೇತುವೆ, ಕೆಳಗಡೆ ಒಂದು, ನಡುವೆ ಇನ್ನೊಂದು. ಒಟ್ಟು 82 ಕಿ.ಮೀ. ಆಪ್ ತೋರಿಸ್ತಿರೋ ಒಟ್ಟು ಏರು 1,140 ಮೀಟರ್.

ಗುಡ್ಡದ ಲೆಕ್ಕ ಹೀಗಿದೆ: ದಕ್ಷಿಣದಿಂದ ಹತ್ತಿದರೆ 3 ಕಿ.ಮೀ., ಸರಾಸರಿ ಶೇ. 8. ಉತ್ತರದಿಂದ ಹತ್ತಿದರೆ 6 ಕಿ.ಮೀ., ಶೇ. 4. ಎರಡೂ ಕಡೆಯಿಂದ 240 ಮೀಟರ್ ಎತ್ತರ.

ನನ್ನ ಪ್ಲಾನ್: ಬೆಳಗ್ಗೆ ಕೆಳಗಿನ ಸೇತುವೆಯಿಂದ ಹೊರಟು ಮೈಯಲ್ಲಿ ಶಕ್ತಿ ಇರೋವಾಗಲೇ ನದಿಗೆ ಎದುರಾಗಿ ಮೇಲಕ್ಕೆ ಹೋಗೋದು. ಮಧ್ಯಾಹ್ನದ ಮೇಲೆ ನದಿ ಜೊತೆ ಆರಾಮಾಗಿ ಇಳಿದು ಬರೋದು. ನನ್ನದು ಹೈಬ್ರಿಡ್ ಸೈಕಲ್, 32 ಎಂಎಂ ಟೈರ್, ಮುಂದೆ ಚಿಕ್ಕ ರಿಂಗ್ 34 ಹಲ್ಲು, ಹಿಂದೆ ದೊಡ್ಡದು 28. ಐವತ್ತು ಕಿ.ಮೀ. ಸಲೀಸಾಗಿ ಹೊಡೀತೀನಿ. ಪ್ರದಕ್ಷಿಣೆಯಾಗಿ ಹೋಗಲಾ, ಅಪ್ರದಕ್ಷಿಣೆಯಾಗಿ ಹೋಗಲಾ?

ನಕಾಶೆ_ಹುಳ

ದಿಕ್ಕಿನ ಮಾತು ಆಮೇಲೆ. ಮೊದಲು ಆ 1,140 ಮೀಟರ್ ನಂಬಬೇಡಿ.

ಆಪ್‌ಗಳು ಎತ್ತರವನ್ನ ರಸ್ತೆ ಮೇಲೆ ನಿಂತು ಅಳೆದಿರೋದಿಲ್ಲ. ಹೆಚ್ಚಿನವು ಉಪಗ್ರಹ ಅಥವಾ ರೇಡಾರ್ ದತ್ತಾಂಶದಿಂದ ಮಾಡಿದ ಚೌಕಗಳ ಜಾಲ ಬಳಸ್ತವೆ. ಅವುಗಳಲ್ಲಿ ಹೆಸರಾಗಿರೋದು 2000ದ ಫೆಬ್ರವರಿಯಲ್ಲಿ ನಾಸಾದ ಎಂಡೆವರ್ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಹಿಡಿದು ಮಾಡಿದ ಎಸ್‌ಆರ್‌ಟಿಎಂ. ಅದರ ಚೌಕ ಸುಮಾರು 30 ಮೀಟರ್ ಅಗಲ, ಒಂದು ಚೌಕಕ್ಕೆ ಒಂದೇ ಎತ್ತರ. ಬಯಲಿನಲ್ಲಿ ಇದು ಸಾಕು. ಕಣಿವೆ ಗೋಡೆಗೆ ಕೊರೆದ ರಸ್ತೆಯಲ್ಲಿ ಸಾಕಾಗೋದಿಲ್ಲ. 40 ಡಿಗ್ರಿ ಇಳಿಜಾರಿನಲ್ಲಿ ನಿಮ್ಮ ಗೆರೆ 15 ಮೀಟರ್ ಪಕ್ಕಕ್ಕೆ ಸರಿದ್ರೂ ಎತ್ತರದಲ್ಲಿ 12 ಮೀಟರ್ ಹೆಚ್ಚುಕಡಿಮೆ ಬರುತ್ತೆ. ಗೆರೆ ಒಮ್ಮೆ ಗುಡ್ಡದ ಕಡೆ, ಒಮ್ಮೆ ನೀರಿನ ಕಡೆ ಹೊಯ್ದಾಡಿದಾಗೆಲ್ಲ ಆಪ್ ನಿಮ್ಮನ್ನ ಸುಮ್ಮಸುಮ್ಮನೆ ಹತ್ತಿಸಿ ಇಳಿಸುತ್ತೆ. ಸುರಂಗ ಇದ್ದರಂತೂ ಕೇಳಲೇಬೇಡಿ, ಮೇಲಿನ ಗುಡ್ಡವನ್ನೂ ನಿಮ್ಮ ಖಾತೆಗೇ ಹಾಕುತ್ತೆ.

ಸಮೋನ್ನತಿ ರೇಖೆ (ಒಂದೇ ಎತ್ತರದ ಜಾಗಗಳನ್ನ ಸೇರಿಸೋ ಗೆರೆ) ಇರೋ ನಕಾಶೆ ತೆಗೆದು ರಸ್ತೆ ಎಷ್ಟು ರೇಖೆ ದಾಟುತ್ತೆ ಅಂತ ಕೈಯಿಂದಲೇ ಎಣಿಸಿ. ಅರ್ಧ ಗಂಟೆ ಕೆಲಸ.

ಹಾಗಂತ ಎಡದಂಡೆ ಚಪ್ಪಟೆ ಅಂದ್ಕೋಬೇಡಿ. ನದಿ ಪಕ್ಕದ ರಸ್ತೆ ಎರಡು ಕಡೆ ಕೈ ಕೊಡುತ್ತೆ. ಒಂದು, ತಿರುವಿನ ಹೊರಮೈ. ನದಿ ಬಾಗಿದಾಗ ಹೊರದಂಡೆಯನ್ನ ಕೊರೆದು ಕಡಿದಾಗಿಸುತ್ತೆ, ಒಳದಂಡೆಯಲ್ಲಿ ಮರಳು, ಮೆಕ್ಕಲು ಹಾಕಿ ಸಪಾಟು ಮಾಡುತ್ತೆ. ಹೊರದಂಡೆಯಲ್ಲಿ ರಸ್ತೆಗೆ ಜಾಗ ಸಾಲದೆ ಬಂಡೆ ಮೇಲೇರಬೇಕು. ಎರಡು, ಪಕ್ಕದಿಂದ ಸೇರೋ ಹಳ್ಳಗಳು. ಪ್ರತಿ ಹಳ್ಳಕ್ಕೂ ರಸ್ತೆ ಒಂದೋ ಇಳಿದು ದಾಟಿ ಮತ್ತೆ ಹತ್ತುತ್ತೆ, ಇಲ್ಲಾಂದ್ರೆ ಹಳ್ಳದ ಒಳಗಡೆವರೆಗೂ ಸುತ್ತು ಹಾಕುತ್ತೆ. ಒಂದೊಂದು ಸಲ ಹದಿನೈದೇ ಮೀಟರ್ ಇರಬಹುದು. ಆದ್ರೆ ದಿನಪೂರ್ತಿ ಅದೇ ನಡೆದರೆ ತೊಡೆಗೆ ಗೊತ್ತಾಗುತ್ತೆ.

ಎದುರುಗಾಳಿ

> ನದಿ ಜೊತೆ ಆರಾಮಾಗಿ ಇಳಿದು ಬರೋದು

ಸಾರ್, ಈ ಒಂದು ಸಾಲಲ್ಲೇ ನಿಮ್ಮ ದಿನ ಹಾಳಾಗುತ್ತೆ. ಸ್ವಲ್ಪ ವಿವರವಾಗಿ ಬರೀತೀನಿ.

ನದಿ ಇಳೀತಾ ಹೋಗುತ್ತೆ ನಿಜ. ಎಷ್ಟು ಇಳಿಯುತ್ತೆ? ಎರಡು ಸೇತುವೆಗಳ ಹತ್ತಿರ ನೀರಿನ ಮಟ್ಟ ನಕಾಶೆಯಲ್ಲಿ ನೋಡಿ ಕಳೀರಿ. ಇಂಥ ನಡುಹರಿವಿನ ಕಣಿವೆಯಲ್ಲಿ ಕಿಲೋಮೀಟರಿಗೆ ಒಂದೂವರೆ ಮೀಟರ್ ಅಂತ ಇಟ್ಕೊಳ್ಳೋಣ. ಒಂದು ದಂಡೆ 41 ಕಿ.ಮೀ. ಅಂದ್ರೆ ಸುಮಾರು 60 ಮೀಟರ್. ಶೇ. 0.15 ಇಳಿಜಾರು. ಸವಾರ, ಸೈಕಲ್, ಸಾಮಾನು ಸೇರಿ 85 ಕೆ.ಜಿ. ಇದ್ದರೆ ಈ ಇಳಿಜಾರು ನಿಮ್ಮನ್ನ ಮುಂದಕ್ಕೆ ನೂಕೋ ಬಲ 1.25 ನ್ಯೂಟನ್. ಇದ್ದೂ ಇಲ್ಲದ ಹಾಗೆ.

ಈಗ ಗಾಳಿ. 22 ಕಿ.ಮೀ. ವೇಗದಲ್ಲಿ ನೆಟ್ಟಗೆ ಕೂತು ಹೋಗೋ ಹೈಬ್ರಿಡ್ ಸವಾರನಿಗೆ ಗಾಳಿ ತಡೆ ಸುಮಾರು 9 ನ್ಯೂಟನ್. ಗಂಟೆಗೆ ಬರೀ 10 ಕಿ.ಮೀ. ಎದುರುಗಾಳಿ ಬಂದರೆ ಅದು 19 ಆಗುತ್ತೆ. ನದಿ ಕೊಟ್ಟಿದ್ದು ಒಂದೂಕಾಲು, ಗಾಳಿ ಕಿತ್ಕೊಂಡಿದ್ದು ಹತ್ತು. ಇಡೀ ದಂಡೆ ಉದ್ದಕ್ಕೂ ಶೇ. 1.2 ಏರು ಇದ್ದ ಹಾಗೆ. ಕಾಲಿನ ಲೆಕ್ಕದಲ್ಲಿ ಹೇಳೋದಾದ್ರೆ, ಗಾಳಿ ಇಲ್ಲದಾಗ 22ಕ್ಕೆ ಸುಮಾರು 86 ವಾಟ್ ಸಾಕು, ಆ ಎದುರುಗಾಳಿಯಲ್ಲಿ 147 ಬೇಕು. ಅಷ್ಟು ತುಳಿಯೋದಿಲ್ಲ, 86ರಲ್ಲೇ ಇರ್ತೀನಿ ಅಂದ್ರೆ ವೇಗ 17ಕ್ಕೆ ಬೀಳುತ್ತೆ. ಒಂದು ಗಂಟೆ 52 ನಿಮಿಷದ ದಾರಿ ಎರಡು ಗಂಟೆ 25 ನಿಮಿಷ.

ಇನ್ನು ಆ ಗಾಳಿ ಯಾವ ಕಡೆಯಿಂದ ಬರುತ್ತೆ? ಬಿಸಿಲಿನ ದಿನ ಕಣಿವೆ ಒಳಗಿನ ಗಾಳಿ ಬಯಲಿನ ಗಾಳಿಗಿಂತ ಬೇಗ ಕಾಯುತ್ತೆ. ಎರಡೂ ಕಡೆ ಗುಡ್ಡ ಜಾಗ ತಿಂದಿರೋದ್ರಿಂದ ಅಷ್ಟೇ ಬಿಸಿಲಿಗೆ ಅಲ್ಲಿ ಕಾಯಬೇಕಾದ ಗಾಳಿ ಕಮ್ಮಿ. ಕಾದ ಕಡೆ ಒತ್ತಡ ಇಳಿಯುತ್ತೆ, ಬಯಲಿನ ಗಾಳಿ ಕಣಿವೆ ಬಾಯಿಂದ ಒಳಗೆ, ಮೇಲಕ್ಕೆ ನುಗ್ಗುತ್ತೆ. ಬಿಸಿಲೇರಿದ ಮೇಲೆ ಶುರು, ಮಧ್ಯಾಹ್ನದ ನಂತರ ಜೋರು, ಸೂರ್ಯ ಮುಳುಗಿದ ಮೇಲೆ ತಣ್ಣಗಾಗುತ್ತೆ. ರಾತ್ರಿ ತಿರುಗಾಮುರುಗಾ: ತಂಪು ಗಾಳಿ ಮೇಲಿನಿಂದ ಕೆಳಕ್ಕೆ ಇಳಿಯುತ್ತೆ, ಬೆಳಗಿನವರೆಗೂ ಅದೇ.

ನಿಮ್ಮ ಪ್ಲಾನ್‌ನಲ್ಲಿ ಬೆಳಗ್ಗೆ ಮೇಲಕ್ಕೆ, ಇಳಿಗಾಳಿಗೆ ಎದುರಾಗಿ. ಮಧ್ಯಾಹ್ನ ಕೆಳಕ್ಕೆ, ಏರುಗಾಳಿಗೆ ಎದುರಾಗಿ. ಎರಡು ಸಲವೂ ಮುಖಕ್ಕೇ.

ಸಾವಕಾಶ_ಸವಾರ

ಅಯ್ಯೋ, ಹಾಗಾದ್ರೆ ದಿಕ್ಕು ತಿರುಗಿಸಿದ್ರೆ ಸರಿ ಹೋಗುತ್ತಾ?

ಹೊಳಿದಂಡಿ

ದಿಕ್ಕು ತಿರುಗ್ಸಿದ್ರ ಏನೂ ಆಗಂಗಿಲ್ರೀ. ನದಿ ನಡುವ ಇಟ್ಕೊಂಡು ಸುತ್ತು ಹಾಕಾಕತ್ತೀರಿ ಅಂದ್ರ, ಹೆಂಗ ಹೋದ್ರೂ ಒಂದು ದಂಡಿ ಮ್ಯಾಲಕ್ಕ, ಇನ್ನೊಂದು ದಂಡಿ ಕೆಳಕ್ಕ. ಪ್ರದಕ್ಷಿಣಿ ಹಾಕ್ರಿ, ಅಪ್ರದಕ್ಷಿಣಿ ಹಾಕ್ರಿ, ಕೆಳಗಿನ ಸೇತುವಿಯಿಂದ ಹೊಂಟ್ರ ಮುಂಜಾನಿ ಮ್ಯಾಲಕ್ಕs ಹೋಗಬೇಕು, ಮಧ್ಯಾಹ್ನ ಕೆಳಕ್ಕs ಬರಬೇಕು.

ಬದಲಿ ಮಾಡಬೇಕಾಗಿದ್ದು ಹೊಂಡೋ ಜಾಗ. ಲೂಪ್ ಅಂದಮ್ಯಾಲ ಎಲ್ಲಿಂದ ಬೇಕಾದ್ರೂ ಶುರು ಮಾಡಬಹುದಲ್ರೀ! ಮ್ಯಾಲಿನ ಸೇತುವಿಯಿಂದ ಹೊಂಡ್ರಿ. ಮುಂಜಾನಿ ಇಳಿಗಾಳಿ ಬೆನ್ನಿಗೆ ಇಟ್ಕೊಂಡು ಕೆಳಗ ಬರ್ರಿ, ಹತ್ತೂವರಿ ಸುಮಾರಿಗೆ ಕೆಳಗಿನ ಸೇತುವಿ ದಾಟ್ರಿ, ಗಾಳಿ ತಿರುಗಿ ಮ್ಯಾಲಕ್ಕ ಬೀಸಾಕ ಹತ್ತಿರತೈತಿ, ಅದನ್ನೂ ಬೆನ್ನಿಗೇ ಹಾಕ್ಕೊಂಡು ಮ್ಯಾಲಕ್ಕ ಬರ್ರಿ. ಅರವತ್ತು ಮೀಟರ್ ಏರು ಲೆಕ್ಕಕ್ಕs ಬರಂಗಿಲ್ಲ.

ಎದುರುಗಾಳಿ

ನಾನು ಇಷ್ಟುದ್ದ ಬರೆದಿದ್ದನ್ನ ಇವರು ಒಂದೇ ಏಟಿಗೆ ಮುಗಿಸಿಬಿಟ್ರು. ಹೌದು, ಶುರುವಿನ ಜಾಗ ಗಾಳಿ ನೋಡಿ ಆರಿಸಿ, ದಿಕ್ಕು ದಂಡೆ ನೋಡಿ ಆರಿಸಿ. ಈ ಎರಡನ್ನೂ ಒಂದೇ ಪ್ರಶ್ನೆ ಮಾಡ್ಕೊಂಡ್ರೆ ಉತ್ತರ ಸಿಗೋದಿಲ್ಲ.

ಗೇರುಗಳ್ಳ

ಹಾಗಾದ್ರೆ ದಿಕ್ಕಿನ ವಿಷಯಕ್ಕೆ ಬರೋಣ. ಮೇಲಿನಿಂದ ಹೊರಟು ಎಡದಂಡೆಯಲ್ಲಿ ಇಳಿದು ಬಲದಂಡೆಯಲ್ಲಿ ಹತ್ತಿದರೆ ಪ್ರದಕ್ಷಿಣೆ. ಆಗ ಗುಡ್ಡ ಸಿಗೋದು ದಕ್ಷಿಣದಿಂದ, 3 ಕಿ.ಮೀ. ಶೇ. 8, ಅದೂ ಅರ್ಧ ದಿನ ಕಳೆದ ಮೇಲೆ. ಉಲ್ಟಾ ಹೋದ್ರೆ ಬೆಳಗ್ಗೆಯೇ ಉತ್ತರದಿಂದ ಶೇ. 4, ತಾಜಾ ಕಾಲಲ್ಲಿ. ನನ್ನ ವೋಟು ಅಪ್ರದಕ್ಷಿಣೆಗೆ.

ಕಾರಣ ನಿಮ್ಮ ಗೇರು. ಮುಂದೆ 34, ಹಿಂದೆ 28 ಅಂದ್ರೆ ಪೆಡಲ್ ಒಂದು ಸುತ್ತಿಗೆ ಸುಮಾರು 2.55 ಮೀಟರ್ ಮುಂದೆ ಹೋಗ್ತೀರಿ. ಶೇ. 8ರಲ್ಲಿ 7.5 ಕಿ.ಮೀ. ವೇಗ ಇಟ್ಕೊಂಡ್ರೆ ಸುಮಾರು 150 ವಾಟ್ ಬೇಕು, ಪೆಡಲ್ ನಿಮಿಷಕ್ಕೆ 49 ಸುತ್ತು ತಿರುಗುತ್ತೆ. ಅದು ತುಳಿಯೋದಲ್ಲ, ಒದ್ದಾಡೋದು. ಮಂಡಿಗೆ ಒಳ್ಳೇದಲ್ಲ. ಶೇ. 4ರಲ್ಲಿ 10 ಕಿ.ಮೀ. ವೇಗಕ್ಕೆ 110 ವಾಟ್ ಚಿಲ್ಲರೆ ಸಾಕು, ಕಾಲು 65ರಲ್ಲಿ ಆರಾಮಾಗಿ ತಿರುಗುತ್ತೆ.

ಹಿಂದಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) 34ರದ್ದು ಹಾಕಿಸಿದ್ರೆ ಶೇ. 8ರಲ್ಲೂ 60ರ ಹತ್ತಿರ ಬರ್ತೀರಿ. ಆದ್ರೆ ನಿಮ್ಮ ಡಿರೇಲರ್ (ಗೇರು ಬದಲಿಸೋಕೆ ಚೈನ್ ಸರಿಸೋ ಭಾಗ) ಅಷ್ಟು ದೊಡ್ಡ ಹಲ್ಲು ತಗೊಳುತ್ತಾ ಅಂತ ಮೊದಲು ನೋಡಿ, ಚೈನೂ ಉದ್ದದ್ದು ಬೇಕಾಗಬಹುದು.

ಇಳಿಜಾರಪ್ಪ

ಗೇರುಗಳ್ಳ ಅಣ್ಣ, ಹತ್ತೋದನ್ನ ಮಾತ್ರ ಲೆಕ್ಕ ಹಾಕಿದ್ರಿ. ಇಳಿಯೋದು ಯಾರು?

ಉತ್ತರದಿಂದ ಹತ್ತಿದ್ರೆ ಶೇ. 8 ಇಳೀಬೇಕು. ಗಾಳಿ ಇಲ್ಲದೆ ಸುಮ್ಮನೆ ಬಿಟ್ಟರೆ ಈ ತೂಕದ ಸೈಕಲ್ ಶೇ. 4ರಲ್ಲಿ ಗಂಟೆಗೆ 39 ಕಿ.ಮೀ. ಸುಮಾರಿಗೆ ನಿಲ್ಲುತ್ತೆ, ಶೇ. 8ರಲ್ಲಿ 58ಕ್ಕೆ. ಅದೂ ನೇರ ರಸ್ತೆಯಲ್ಲಿ. ಕಮರಿ ಪಕ್ಕದ ಗುಡ್ಡದಲ್ಲಿ ರಸ್ತೆ ನೇರ ಇರುತ್ತಾ? ಅಂದ್ರೆ ಆ 3 ಕಿ.ಮೀ. ಪೂರ್ತಿ ಬ್ರೇಕ್ ಹಿಡಿದೇ ಇರಬೇಕು. ಕೈ ಮರಗಟ್ಟುತ್ತೆ, ರಿಮ್ ಕಾಯುತ್ತೆ, ನೋಡಬೇಕು ಅಂತ ಬಂದ ಕಮರಿ ಕಣ್ಣಿಗೇ ಬೀಳಲ್ಲ. ಕಡಿದಾದ್ದನ್ನ ಹತ್ತಬೇಕು, ನಿಧಾನದ್ದನ್ನ ಇಳೀಬೇಕು. ಆರು ಕಿ.ಮೀ. ಶೇ. 4 ಇಳಿಜಾರು ಅಂದ್ರೆ ಸೈಕಲ್ ತಗೊಂಡಿದ್ದೇ ಅದಕ್ಕೆ ಅನ್ನಿಸುತ್ತೆ.

ಶೇ. 8 ಆಗಲಿಲ್ಲ ಅಂದ್ರೆ ಇಳಿದು ತಳ್ಳಿ. ಮೂರೇ ಕಿ.ಮೀ. ಯಾರೂ ನಗೋದಿಲ್ಲ, ನಕ್ಕೋರೂ ಮುಂದಿನ ತಿರುವಲ್ಲಿ ತಳ್ತಾ ಇರ್ತಾರೆ.

ಗೇರುಗಳ್ಳ

ತಳ್ಳೋಕೆ ಸೈಕಲ್ ಯಾಕೆ ಬೇಕು ಮಾರಾಯ್ರೆ. ಬ್ರೇಕ್ ಹಿಡಿದು ಇಳಿಯೋದು ಕಲಿಯಬಹುದಾದ ವಿದ್ಯೆ, 49ರಲ್ಲಿ ತುಳಿದು ಹೋದ ಮಂಡಿ ವಾಪಸ್ ಬರೋದಿಲ್ಲ.

ಇಳಿಜಾರಪ್ಪ

ಮಂಡಿ ನೋವು ಬಂದ್ರೆ ಇಳಿದು ನಿಂತ್ಕೋಬಹುದು. ತಿರುವಲ್ಲಿ ಜಲ್ಲಿ ಸಿಕ್ರೆ ನಿಂತ್ಕೊಳ್ಳೋಕೆ ಟೈಮ್ ಇರಲ್ಲ.

ಮಂಜುಮುಸುಕು

ಇಬ್ಬರೂ ಜಗಳ ಆಡ್ತಾ ಇರಿ, ಅಷ್ಟರಲ್ಲಿ ನಾನು ನೆರಳಿನ ಮಾತು ಹೇಳಿಬಿಡ್ತೀನಿ.

ಉತ್ತರ-ದಕ್ಷಿಣ ಕಣಿವೆ ಅಂದ್ರಿ. ಬೆಳಗ್ಗೆ ಪೂರ್ವದ ಗುಡ್ಡ ಸೂರ್ಯನಿಗೆ ಅಡ್ಡ, ಹಾಗಾಗಿ ಪೂರ್ವದಂಡೆ ರಸ್ತೆಗೆ ಬಿಸಿಲು ತಡ. ಮಧ್ಯಾಹ್ನದ ಮೇಲೆ ಪಶ್ಚಿಮದ ಗುಡ್ಡ ಅಡ್ಡ ಬಂದು ಪಶ್ಚಿಮದಂಡೆಗೆ ಮೊದಲು ನೆರಳು. ಇದು ಭೂಮಿಯ ಯಾವ ಅರ್ಧದಲ್ಲಿದ್ದರೂ ಒಂದೇ. ಸೆಖೆಗಾಲದಲ್ಲಿ ಬೆಳಗ್ಗೆ ಪೂರ್ವ, ಮಧ್ಯಾಹ್ನ ಪಶ್ಚಿಮ ಹಿಡಿದ್ರೆ ಎರಡೂ ಹೊತ್ತು ನೆರಳಲ್ಲಿ ಹೋಗಬಹುದು. ನಡುಹೊತ್ತಲ್ಲಿ ಮಾತ್ರ ಎರಡೂ ದಂಡೆಗೆ ನೆರಳಿಲ್ಲ. ನಿಮಗೆ ಅದು ಮೇಲಿನಿಂದ ಹೊರಟು ಪ್ರದಕ್ಷಿಣೆ ಅಂತಾಯ್ತು.

ಚಳಿಗಾಲ ಆದ್ರೆ ಪೂರ್ತಿ ಉಲ್ಟಾ ಯೋಚಿಸಿ. ರಾತ್ರಿ ತಂಪು ಗಾಳಿ ಭಾರವಾಗಿ ಕಣಿವೆ ತಳದಲ್ಲಿ ಕೂತಿರುತ್ತೆ, ಗುಡ್ಡದ ಮೇಲಿಗಿಂತ ನೀರಿನ ಪಕ್ಕದಲ್ಲೇ ಚಳಿ ಜಾಸ್ತಿ. ಮಂಜು ಕೂಡ ಅಲ್ಲೇ. ಬಿಸಿಲು ಬೀಳೋವರೆಗೂ ಕರಗೋದಿಲ್ಲ, ನೆರಳಿನ ದಂಡೆಯಲ್ಲಂತೂ ಬಹಳ ಹೊತ್ತು. ಮುಂದಿನ ಚಕ್ರದ ಹತ್ತಿರ ನೋಡಿ: ಡಾಂಬರು ಕಪ್ಪಾಗಿ ಮಿರುಗ್ತಾ ಇದ್ದು ಟೈರ್ ಸರ್ ಅಂತ ಸದ್ದು ಮಾಡ್ತಿದ್ರೆ ಅಲ್ಲಿ ತೇವ ಇದೆ. ಸೇತುವೆ ಮೇಲಿನ ಕಬ್ಬಿಣದ ಜೋಡಣೆ ಪಟ್ಟಿ, ಒದ್ದೆ ಎಲೆ, ಬಿಳಿ ಬಣ್ಣದ ಗೆರೆ, ಈ ಮೂರರ ಮೇಲೂ ಹ್ಯಾಂಡಲ್ ತಿರುಗಿಸಬೇಡಿ, ಬ್ರೇಕ್ ಹಿಡೀಬೇಡಿ. ನೇರ ದಾಟಿಬಿಡಿ. ಹಿಂದೆ ಕೆಂಪು ಲೈಟ್ ಹಗಲಲ್ಲೂ ಉರೀಲಿ.

ನಕಾಶೆ_ಹುಳ

ದಂಡೆ ಆರಿಸೋಕೆ ಇನ್ನೊಂದು ವಿಷಯ. ವಾಹನಗಳು ಎಡಕ್ಕೆ ಓಡೋ ಕಡೆ ಅಪ್ರದಕ್ಷಿಣೆ ಹೋದ್ರೆ ನದಿ ನಿಮ್ಮ ಎಡಗೈಗೇ ಇರುತ್ತೆ, ನಡುವೆ ಎದುರಿನ ಲೇನ್ ಇರೋದಿಲ್ಲ. ಸೇತುವೆಗೆ ತಿರುಗೋವಾಗಲೂ ಎಡಕ್ಕೇ ತಿರುಗ್ತೀರಿ, ಎದುರಿನ ಗಾಡಿಗಳನ್ನ ಅಡ್ಡ ದಾಟೋ ಪ್ರಮೇಯ ಇಲ್ಲ. ಬಲಕ್ಕೆ ಓಡೋ ಕಡೆ ಪ್ರದಕ್ಷಿಣೆಗೆ ಇದೇ ಲಾಭ. ಗಾಡಿ ಓಡಾಟ ಹೆಚ್ಚಿರೋ ರಸ್ತೆ ಆದ್ರೆ ನಾನು ನೆರಳು ಬಿಟ್ಟು ಇದನ್ನೇ ನೋಡ್ತೀನಿ.

ಸಾವಕಾಶ_ಸವಾರ

ಕೈಯಲ್ಲೇ ರೇಖೆ ಎಣಿಸಿದೆ. 1,140 ಅಲ್ಲ, 760 ಮೀಟರ್ ಬಂತು! ಆಪ್‌ನ ನೋಡಿದಾಗ ಸುಸ್ತಾಗಿದ್ದೆ. ನೀರಿನ ಮಟ್ಟ ಎರಡು ಸೇತುವೆ ನಡುವೆ 55 ಮೀಟರ್ ವ್ಯತ್ಯಾಸ.

ಎಡದಂಡೆ ರಸ್ತೆಯಲ್ಲಿ ಗಾಡಿ ಇದೆ, ಆದ್ರೆ ಬೆಳಗ್ಗೆ ಕಮ್ಮಿ. ಬಲದಂಡೆ ಖಾಲಿ. ಇನ್ನೆರಡು ಅನುಮಾನ: ಒಟ್ಟು ಎಷ್ಟು ಹೊತ್ತು ಹಿಡಿಯಬಹುದು? ತಿನ್ನೋದು ಕುಡಿಯೋದು ಹೇಗೆ?

ಹೊಟ್ಟೆಪಾಡು

760 ಮೀಟರ್, 82 ಕಿ.ಮೀ. ಅಂದ್ರೆ ಹತ್ತು ಕಿಲೋಮೀಟರಿಗೆ ನೂರು ಮೀಟರಿಗಿಂತ ಒಂಚೂರು ಕಮ್ಮಿ. ಮಧ್ಯಮ ಅಂತ ಧೈರ್ಯವಾಗಿ ಹೇಳಬಹುದು. ಸರಾಸರಿ 16ರಿಂದ 18 ಹಿಡಿದ್ರೆ ಪೆಡಲ್ ಮೇಲೆ ನಾಲ್ಕೂವರೆಯಿಂದ ಐದು ಗಂಟೆ. ನಿಲ್ಲೋದು, ಫೋಟೊ, ಟ್ಯೂಬ್ ಬದಲಾಯಿಸೋದು ಎಲ್ಲ ಸೇರಿ ಏಳು ಗಂಟೆ ಇಟ್ಕೊಳ್ಳಿ. ಬೆಳಗ್ಗೆ ಏಳಕ್ಕೆ ಹೊರಟ್ರೆ ಎರಡಕ್ಕೆ ಮುಗಿಯುತ್ತೆ.

ಶಕ್ತಿ ಲೆಕ್ಕ ಸುಲಭ. ಸರಾಸರಿ 110 ವಾಟ್‌ನಂತೆ ಐದು ಗಂಟೆ ತುಳಿದ್ರೆ ಚಕ್ರಕ್ಕೆ ಹೋಗೋದು ಸುಮಾರು 2,000 ಕಿಲೋಜೂಲ್. ದೇಹ ಸುಡೋ ಶಕ್ತಿಯಲ್ಲಿ ನಾಲ್ಕನೇ ಒಂದು ಭಾಗದಷ್ಟೇ ಪೆಡಲ್‌ಗೆ ಬರುತ್ತೆ, ಉಳಿದದ್ದು ಬಿಸಿ. ಅದಕ್ಕೇ ಪೆಡಲ್‌ನ ಒಂದು ಕಿಲೋಜೂಲ್‌ಗೆ ದೇಹದಲ್ಲಿ ಹೆಚ್ಚುಕಡಿಮೆ ಒಂದು ಕಿಲೋಕ್ಯಾಲರಿ ಖರ್ಚು. ಅಂದ್ರೆ 2,000 ಕಿಲೋಕ್ಯಾಲರಿ. ಸ್ನಾಯು, ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜೆನ್ (ದೇಹದ ಸಕ್ಕರೆ ದಾಸ್ತಾನು) ಒಟ್ಟು 400ರಿಂದ 500 ಗ್ರಾಂ. ದಿನಪೂರ್ತಿ ಅದೊಂದನ್ನೇ ನಂಬಿದ್ರೆ ಸಂಜೆ ಕಾಲು ಖಾಲಿ.

ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಲಿ. ಮಧ್ಯಮ ಗಾತ್ರದ ಬಾಳೆಹಣ್ಣು ಒಂದರಲ್ಲಿ ಸುಮಾರು 25 ಗ್ರಾಂ. ಹಸಿವಾದ ಮೇಲಲ್ಲ, ಮೊದಲ ಗಂಟೆಯಿಂದಲೇ ಸ್ವಲ್ಪ ಸ್ವಲ್ಪ. ಗುಡ್ಡದ ಬುಡದಲ್ಲಿ ಹೊಟ್ಟೆ ತುಂಬಾ ತಿಂದು ಹತ್ತೋಕೆ ಹೋಗಬೇಡಿ, ಅಲ್ಲಿಗೆ ಅರ್ಧ ಗಂಟೆ ಮುಂಚೆ ತಿನ್ನಿ.

ನೀರು ಸೆಖೆ ನೋಡಿಕೊಂಡು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡೀಬೇಡಿ, ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರಬೇಕು. ರಕ್ತದಲ್ಲಿ ಸೋಡಿಯಂ ಇಳಿದ್ರೆ ತಲೆನೋವು, ವಾಂತಿ, ಗಲಿಬಿಲಿ, ಜನ ಅದನ್ನ ನೀರು ಸಾಲಲಿಲ್ಲ ಅಂದ್ಕೊಂಡು ಇನ್ನೂ ಕುಡೀತಾರೆ. ಪಕ್ಕದಲ್ಲೇ ನದಿ ಇದೆ ಅಂತ ಬಾಟಲಿ ಅದ್ದಬೇಡಿ. ನೋಡೋಕೆ ತಿಳಿಯಾಗಿದ್ರೂ ಮೇಲ್ಗಡೆ ದನ ಇರ್ತವೆ, ಊರಿರುತ್ತೆ.

ಹೊಳಿದಂಡಿ

ನಡುವಿನ ಸೇತುವಿ ಬಗ್ಗೆ ಯಾರೂ ಮಾತಾಡವಲ್ಲರಿ. ಇಡೀ ಲೂಪಿನಾಗ ಬೆಲೆ ಇರೋ ಜಾಗ ಅದು. ಅಲ್ಲಿಗೆ ಬಂದಾಗ ಟೈಮ್ ನೋಡ್ರಿ, ಕಾಲು ನೋಡ್ರಿ, ಆಕಾಶ ನೋಡ್ರಿ. ಮೂರರಾಗ ಎರಡು ಸರಿ ಇಲ್ಲಂದ್ರ ಅಲ್ಲೇ ದಾಟಿ ವಾಪಸ್ ಹೊಂಡ್ರಿ, ಅರ್ಧ ಲೂಪಿಗೆ ಮುಗೀತೈತಿ. ದಾಟಿ ಮುಂದ ಹೋದ್ರಿ ಅಂದ್ರ ಕೆಳಗಿನ ಸೇತುವಿತನಕ ಬ್ಯಾರೆ ದಾರಿ ಇಲ್ಲ. ಎದುರಿನ ದಂಡಿ ಕಣ್ಣಿಗೆ ಕಾಣ್ತೈತಿ, ಈಸಿದ್ರ ಐದು ನಿಮಿಷ, ಸೈಕಲ್ ಮ್ಯಾಲ ಇಪ್ಪತ್ತು ಕಿಲೋಮೀಟರ್.

ದೋಣಿ ನಂಬಿ ಪ್ಲಾನ್ ಮಾಡಬ್ಯಾಡ್ರಿ. ನೀರು ಏರಿದ್ರೂ ಬಂದ್, ತೀರಾ ಇಳಿದ್ರೂ ಬಂದ್.

ಮತ್ತ ಮ್ಯಾಲ ಅಣೆಕಟ್ಟು ಏನರ ಇದ್ರ, ಮರಳ ದಿಬ್ಬಕ್ಕ ಸೈಕಲ್ ಇಳಿಸಿ ಕೂಡಬ್ಯಾಡ್ರಿ. ಮಳಿ ಇಲ್ಲದ ದಿನಾನೂ ನೀರು ಬಿಡ್ತಾರ. ಬಂಡಿ ಮ್ಯಾಲ ಒದ್ದಿ ಗೆರಿ ಎಲ್ಲಿತನಕ ಐತಿ ಅಂತ ನೋಡಿದ್ರ ನೀರು ದಿನಾ ಎಲ್ಲಿಗೆ ಏರತೈತಿ ಗೊತ್ತಾಗ್ತೈತಿ. ಪ್ರವಾಹ ಇಳಿದ ಮ್ಯಾಲ ತಗ್ಗಿನ ರಸ್ತೆದಾಗ ಉಳಿಯೋ ಸಣ್ಣ ಕೆಸರು ಒಣಗಿದಂಗ ಕಾಣ್ತೈತಿ, ಒಳಗ ಸಬಕಾರ. ಜ್ವಾಕಿ.

ತುಳಿ_ತುಳಿ

ಮಧ್ಯ ಬಾಯಿ ಹಾಕ್ತಿದ್ದೀನಿ ಕ್ಷಮಿಸಿ. ಗಾಳಿ ಹಗಲು ಮೇಲಕ್ಕೆ, ರಾತ್ರಿ ಕೆಳಕ್ಕೆ ಅನ್ನೋದು ಎಲ್ಲ ಕಣಿವೆಗೂ ಅನ್ವಯಿಸುತ್ತಾ? ಡ್ಯಾನ್ಯೂಬ್ ದಂಡೆಯಲ್ಲಿ, ಆಸ್ಟ್ರಿಯಾದ ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖಾವು ಕಣಿವೆಯಲ್ಲಿ ಎರಡೂ ದಂಡೆಗೂ ಸೈಕಲ್ ದಾರಿ ಇದೆ, ಅಲ್ಲಿ ಒಂದು ದಂಡೆಯಲ್ಲಿ ಹೋಗಿ ಇನ್ನೊಂದರಲ್ಲಿ ಬರೋ ಆಸೆ ಇದೆ. ಅಲ್ಲೂ ಇದೇ ಲೆಕ್ಕವಾ?

ಎದುರುಗಾಳಿ

ಒಳ್ಳೇ ಪ್ರಶ್ನೆ. ಕಣಿವೆ ಗಾಳಿ ಏಳೋದು ಬಿಸಿಲಿಂದ, ಅದಕ್ಕೆ ಎರಡು ಬೇಕು: ಆಕಾಶ ನಿಚ್ಚಳವಾಗಿರಬೇಕು, ದೊಡ್ಡ ಹವಾಮಾನದ ಗಾಳಿ ಮೆತ್ತಗಿರಬೇಕು. ಮೋಡ ಕವಿದ ದಿನ ಇದು ಏಳೋದೇ ಇಲ್ಲ. ದೊಡ್ಡ ಗಾಳಿ ಜೋರಾಗಿದ್ದ ದಿನ ಅದೇ ಕಣಿವೆಗೆ ನುಗ್ಗಿ ಉದ್ದಕ್ಕೂ ಬೀಸುತ್ತೆ. ಅಗಲವಾದ, ತಗ್ಗು ಗುಡ್ಡಗಳ ಕಣಿವೆಯಲ್ಲಿ ಆ ದೊಡ್ಡ ಗಾಳಿಯದ್ದೇ ರಾಜ್ಯ. ವಾಖಾವುಗೆ ಹೋಗೋ ಹಿಂದಿನ ದಿನ ಮುನ್ಸೂಚನೆ ನೋಡಿ ತೀರ್ಮಾನಿಸಿ, ನಿಯಮ ಹಿಡಿದು ಹೋಗಬೇಡಿ.

ಗಡಿಯಾರ ಹಿಡಿದ ಹಾಗೆ ಬೀಸೋ ಕಡೆಯೂ ಇವೆ. ಇಟಲಿಯ ಗಾರ್ದಾ ಸರೋವರದಲ್ಲಿ ಬೆಳಗ್ಗೆ ಉತ್ತರದಿಂದ ಪೆಲೆರ್, ಮಧ್ಯಾಹ್ನದ ಮೇಲೆ ದಕ್ಷಿಣದಿಂದ ಓರಾ. ಹಾಯಿದೋಣಿಯವರು ಅದನ್ನ ನೋಡೇ ದಿನದ ಲೆಕ್ಕ ಹಾಕ್ತಾರೆ. ಪೂರ್ತಿ ಉಲ್ಟಾ ಕೂಡ ಇದೆ. ಸ್ವಿಟ್ಜರ್ಲೆಂಡಿನ ಮೇಲಿನ ಎಂಗಡೀನ್‌ನಲ್ಲಿ ಮಲೋಯಾ ಗಾಳಿ ಹಗಲಲ್ಲೇ ಕಣಿವೆ ಕೆಳಮುಖವಾಗಿ ಬೀಸುತ್ತೆ. ಪಕ್ಕದ ಕಣಿವೆಯ ಏರುಗಾಳಿ ತಗ್ಗಾದ ಮಲೋಯಾ ಕಣಿವೆದಾರಿ ಮೇಲಿಂದ ಈಚೆ ಸುರಿಯೋದ್ರಿಂದ ಹೀಗೆ. ಅಲ್ಲಿ ಹೊಳಿದಂಡಿಯವರ ಸೂತ್ರ ಹಿಡಿದ್ರೆ ಮುಖಕ್ಕೆ ಹೊಡೆಸಿಕೊಳ್ತೀರಿ.

ಜಾಗಕ್ಕೆ ಹೋದ ಮೇಲೆ ಮರ ನೋಡಿ. ಬಯಲಲ್ಲಿ ಒಂಟಿಯಾಗಿ ನಿಂತ ಮರಗಳೆಲ್ಲ ಒಂದೇ ಕಡೆ ಬಾಗಿದ್ರೆ, ಕೊಂಬೆಗಳೂ ಅದೇ ಕಡೆಗೆ ಚಾಚಿದ್ರೆ, ಗಾಳಿ ಹೆಚ್ಚಾಗಿ ಎಲ್ಲಿಂದ ಬರುತ್ತೆ ಅಂತ ವರ್ಷಗಟ್ಟಲೆ ಬರೆದಿಟ್ಟ ಹಾಗೆ.

ಇನ್ನೊಂದು, ಗೇರುಗಳ್ಳ ಮತ್ತು ಇಳಿಜಾರಪ್ಪ ಇಬ್ಬರೂ ಬಿಟ್ಟ ಮಾತು. ಪ್ರದಕ್ಷಿಣೆ ಹೋದ್ರೆ ಶೇ. 8ರ ಏರಲ್ಲಿ ನಿಮ್ಮ ವೇಗ ಏಳೆಂಟು, ಬೆನ್ನ ಹಿಂದಿನ ಗಾಳಿ ಹತ್ತು. ಮುಖಕ್ಕೆ ಗಾಳಿಯೇ ತಾಗೋದಿಲ್ಲ. ಬೆವರು ಆರೋದಿಲ್ಲ, ಮೈ ಕಾಯುತ್ತೆ. ಅದೂ ನೆರಳಿಲ್ಲದ ನಡುಹೊತ್ತಲ್ಲಿ. ಬೆನ್ನುಗಾಳಿ ಬೇಡ ಅನ್ನಿಸೋದು ಅಲ್ಲೊಂದೇ ಕಡೆ. ಬುಡದಲ್ಲೇ ಹೆಲ್ಮೆಟ್ ತೆಗೆದು ತಲೆಗೆ, ಕತ್ತಿಗೆ ನೀರು ಸುರ್ಕೊಂಡು ಹತ್ತಿ.

ಗೇರುಗಳ್ಳ

ನೋಡಿ, ಇದಕ್ಕೂ ಅಪ್ರದಕ್ಷಿಣೆಯೇ ಉತ್ತರ. ಬೆಳಗಿನ ತಂಪಲ್ಲಿ ಶೇ. 4 ಹತ್ತಿ ಮುಗಿಸಿ.

ಮಂಜುಮುಸುಕು

ಆಮೇಲೆ ಮಧ್ಯಾಹ್ನ ಗಾಡಿ ಜಾಸ್ತಿ ಇರೋ ಪೂರ್ವದಂಡೆಯಲ್ಲಿ, ಬಿಸಿಲು ನೇರ ಬೀಳೋ ಹೊತ್ತಲ್ಲಿ 41 ಕಿ.ಮೀ.? ಬೇಡಪ್ಪ.

ಸಾವಕಾಶ_ಸವಾರ

ಎಲ್ಲರ ಮಾತೂ ಕೇಳಿ ಹೀಗೆ ಅಂದ್ಕೊಂಡಿದ್ದೀನಿ: ಮೇಲಿನ ಸೇತುವೆಯಿಂದ ಬೆಳಗ್ಗೆ ಆರೂವರೆಗೆ, ಪ್ರದಕ್ಷಿಣೆ. ಗಾಡಿ ಕಮ್ಮಿ ಇರೋ ಹೊತ್ತಲ್ಲಿ ಎಡದಂಡೆ ಮುಗಿಸೋದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸ್ತು. ಹಿಂದಕ್ಕೆ 32 ಹಲ್ಲಿನ ಕ್ಯಾಸೆಟ್ ಹಾಕಿಸ್ತೀನಿ, ನನ್ನ ಡಿರೇಲರ್ ಅಷ್ಟು ತಗೊಳುತ್ತಂತೆ. ಶೇ. 8ರಲ್ಲಿ ಆಗದಿದ್ರೆ ಇಳಿಜಾರಪ್ಪನವರ ಮಾತಿನಂತೆ ತಳ್ತೀನಿ.

ಜೊತೆಗೆ ಒಬ್ಬ ಸ್ನೇಹಿತ ಬರ್ತಾನೆ, ನನಗಿಂತ ಜೋರು. ಅವನ ಜೊತೆ ಹೇಗೆ ಹೋಗೋದು? ಮತ್ತೆ ನನ್ನದು ವಿ-ಬ್ರೇಕ್ (ರಿಮ್ ಒತ್ತಿ ಹಿಡಿಯೋದು), ಡಿಸ್ಕ್ ಅಲ್ಲ. ಆರು ಕಿ.ಮೀ. ಇಳಿಜಾರಿಗೆ ಸಾಕಾ?

ಎದುರುಗಾಳಿ

ಸ್ನೇಹಿತ ಜೋರಿದ್ದರೆ ಒಳ್ಳೇದೇ, ಎದುರುಗಾಳಿ ಸಿಕ್ಕಿದ ಕಡೆ ಅವರನ್ನ ಮುಂದೆ ಬಿಡಿ. ಅವರು ಗಾಳಿ ತಡೀತಾರೆ, ಅವರ ಹಿಂದಿನ ಚಕ್ರಕ್ಕೆ ಹತ್ತಿರ ಇದ್ದಷ್ಟೂ ನಿಮಗೆ ಶಕ್ತಿ ಉಳಿತಾಯ ಜಾಸ್ತಿ, ಆದ್ರೆ ಅಭ್ಯಾಸ ಇಲ್ಲದವರು ಒಂದು ಸೈಕಲ್ ಉದ್ದ ಬಿಡಿ. ಮುಂದಿನವರು ಹಳ್ಳ, ಜಲ್ಲಿ, ಗಾಜು ಕಂಡಾಗ ಕೈಯಲ್ಲಿ ತೋರಿಸಲೇಬೇಕು, ಹಿಂದಿನವರಿಗೆ ರಸ್ತೆ ಕಾಣೋದಿಲ್ಲ. ಗುಡ್ಡದಲ್ಲಿ ಮಾತ್ರ ಅವರ ಹಿಂದೆ ಬೀಳಬೇಡಿ. ಏಳೆಂಟು ಕಿ.ಮೀ. ವೇಗದಲ್ಲಿ ಹಿಂದಿದ್ದು ಉಳಿಯೋದು ಏನೂ ಇಲ್ಲ, ಅವರ ವೇಗಕ್ಕೆ ತುಳಿದು ಅರ್ಧದಲ್ಲೇ ಉಸಿರು ಕಟ್ಟುತ್ತೆ. ಒಂದು ಪೂರ್ತಿ ವಾಕ್ಯ ಏದುಸಿರಿಲ್ಲದೆ ಹೇಳೋಕಾದ್ರೆ ನಿಮ್ಮ ವೇಗ ಸರಿ ಇದೆ.

ಇಳಿಜಾರಪ್ಪ

ವಿ-ಬ್ರೇಕ್ ಧಾರಾಳ ಸಾಕು, ಒಣ ರಸ್ತೆಗೆ. ಪ್ಯಾಡ್‌ನಲ್ಲಿ ಗೀರು ಉಳಿದಿದೆಯಾ ನೋಡಿ, ಗೀರು ಸವೆದು ನುಣ್ಣಗಾಗಿದ್ರೆ ಬದಲಿಸಿ. ಉಗುರಿನಿಂದ ಕೆರೆದು ನೋಡಿದ್ರೆ ಪ್ಯಾಡ್ ಒಳಗೆ ಅಲ್ಯೂಮಿನಿಯಂ ಚೂರು ಮಿನುಗ್ತಾ ಇರುತ್ತೆ, ಸೂಜಿಯಿಂದ ಕಿತ್ತು ಹಾಕಿ. ಅವು ರಿಮ್ ತಿನ್ನೋದೂ ಅಲ್ಲದೆ ಕಿರ್ ಅಂತ ಕಿರುಚ್ತವೆ. ರಿಮ್‌ಗೆ ಚೈನ್ ಎಣ್ಣೆ ತಾಗಿದ್ರೆ ಸ್ಪಿರಿಟ್‌ನಲ್ಲಿ ಒರೆಸಿ.

ಇಳಿಯೋವಾಗ ಹಿಡಿದೇ ಇರಬೇಡಿ. ಜೋರಾಗಿ ಹಿಡಿದು ವೇಗ ಇಳಿಸಿ, ಬಿಡಿ, ರಿಮ್ ತಣಿಯಲಿ, ಮತ್ತೆ ಹಿಡಿಯಿರಿ. ತಿರುವಿಗೆ ಮುಂಚೆಯೇ ವೇಗ ಇಳಿದಿರಬೇಕು, ತಿರುವಿನ ಒಳಗೆ ಬ್ರೇಕ್ ಮುಟ್ಟೋ ಹಾಗಿಲ್ಲ. ಹೊರಗಡೆಯ ಪೆಡಲ್ ಕೆಳಗೆ, ಭಾರ ಅದರ ಮೇಲೆ, ಕಣ್ಣು ತಿರುವಿನ ಕೊನೆ ಮೇಲೆ. ನಿಲ್ಲಿಸೋ ಶಕ್ತಿ ಬಹುಪಾಲು ಮುಂದಿನ ಬ್ರೇಕ್‌ನದು, ಅದಕ್ಕೆ ಹೆದರಿ ಬರೀ ಹಿಂದಿನದು ಹಿಡಿಯೋರು ಚಕ್ರ ಜಾರಿಸ್ಕೊಳ್ತಾರೆ. ಮಳೆ ಬಂದ್ರೆ ರಿಮ್ ಮೇಲಿನ ನೀರು ಒರೆಸೋಕೇ ಚಕ್ರ ಒಂದೆರಡು ಸುತ್ತು ತಿರುಗಬೇಕು, ಅಲ್ಲಿಯವರೆಗೂ ಬ್ರೇಕ್ ಇಲ್ಲ ಅಂತಲೇ ಲೆಕ್ಕ ಹಾಕಿ.

ಹೊಸ ಪ್ಯಾಡ್ ಹಾಕಿದ್ರೆ ಹಿಂದಿನ ದಿನವೇ ಹಾಕಿ ಒಂದಷ್ಟು ಓಡಿಸಿ. ಕೇಬಲ್ ಎಳೆದು ಬಿಗಿ ಮಾಡಿ, ಲಿವರ್ ಪೂರ್ತಿ ಒತ್ತಿದಾಗಲೂ ಹ್ಯಾಂಡಲ್‌ಗೆ ತಾಗಬಾರದು.